ನೌರು ದೇಶದ ಮತ ಎಣಿಕೆ ನಮ್ಮ ಯುವಕ ಸಂಘಕ್ಕೆ ಹೊಂದುತ್ತಾ?

ಅಂಕೋಲಾ ಕಡೆಯವ:
ನಮ್ಮೂರ ಯುವಕ ಸಂಘದ ಅಧ್ಯಕ್ಷ ಸ್ಥಾನಕ್ಕೆ ಹೋದ ವರ್ಷ ಮೂವರು ನಿಂತಿದ್ದರು. ಚೀಟಿ ಎಣಿಸಿದರೆ ಅರ್ಧಕ್ಕಿಂತ ಕಡಿಮೆ ಜನ ಬರೆದವನೇ ಗೆದ್ದ. ಉಳಿದವರು ಮುನಿಸಿಕೊಂಡು ಗಣಪತಿ ಚಪ್ಪರ ಹಾಕೋಕೂ ಬರಲಿಲ್ಲ, ನನಗಂತೂ ತುಂಬಾ ಬೇಜಾರಾಯ್ತು. ಪೆಸಿಫಿಕ್ ಸಾಗರದ ನೌರುವಿನಲ್ಲಿ ಎರಡನೇ, ಮೂರನೇ ಆಯ್ಕೆಗೂ ಲೆಕ್ಕ ಇದೆಯಂತೆ. ಹೇಗದು?

ಕಾರವಾರ ಬಂದರು:
21 ಚದರ ಕಿಲೋಮೀಟರಿನ ದೇಶ ಅದು. ಸಂಸತ್ತಿನಲ್ಲಿ 19 ಸ್ಥಾನ, 8 ಕ್ಷೇತ್ರ. ಮೆನೆಂಗ್‌ನಿಂದ ಮೂವರು, ಉಬೆನಿಡೆಯಿಂದ ನಾಲ್ವರು, ಉಳಿದ ಕಡೆ ಇಬ್ಬಿಬ್ಬರು. ಮತದಾನ ಕಡ್ಡಾಯ. ನಿಂತ ಎಲ್ಲರ ಹೆಸರಿನ ಮುಂದೆಯೂ 1, 2, 3 ಅಂತ ಬರೆಯುತ್ತಾ ಹೋಗಬೇಕು. 1ಕ್ಕೆ ಪೂರ್ತಿ ಮತ, 2ಕ್ಕೆ ಅರ್ಧ, 3ಕ್ಕೆ ಮೂರನೇ ಒಂದು ಭಾಗ, ಹೀಗೇ. ಕೂಡಿಸಿದಾಗ ಜಾಸ್ತಿ ಬಂದವರು ಗೆದ್ದರು. 1971ರಿಂದ ಇದೇ ಪದ್ಧತಿ. ಆಸ್ಟ್ರೇಲಿಯಾದಲ್ಲಿ ಕೊನೆಯವರನ್ನು ಕೈಬಿಟ್ಟು ಅವರ ಮತ ಬೇರೆಯವರಿಗೆ ಹಂಚುತ್ತಾರಲ್ವಾ, ಇಲ್ಲಿ ಅದಿಲ್ಲ. ಎಲ್ಲರದ್ದೂ ಒಂದೇ ಸಲ ಕೂಡಿಸೋದು.

ಶಿರಸಿ ಅಡಿಕೆ ತೋಟ:
ನಿಮ್ಮ ಸಂಘಕ್ಕೇ ಇಟ್ಟು ನೋಡಿ. ಹತ್ತು ಜನ ಸದಸ್ಯರು, ಅ, ಆ, ಇ ಅಂತ ಮೂವರು ಅಭ್ಯರ್ಥಿಗಳು. ನಾಲ್ವರು ಅ, ಆ, ಇ ಅಂತ ಬರೆದರು. ಮೂವರು ಆ, ಇ, ಅ. ಇನ್ನು ಮೂವರು ಇ, ಆ, ಅ. ನಿಮ್ಮ ಹಳೇ ಲೆಕ್ಕದಲ್ಲಿ ನಾಲ್ಕು ಮತದ ಅ ಗೆಲ್ಲುತ್ತಾನೆ, ಆದ್ರೆ ಆರು ಜನ ಅವನನ್ನು ಕೊನೆಗಿಟ್ಟಿದ್ದಾರೆ. ನೌರು ಲೆಕ್ಕದಲ್ಲಿ ಅನಿಗೆ 6, ಆನಿಗೆ 6.5. ಆ ಗೆದ್ದ. ಅವನು ಯಾರಿಗೂ ಬೇಡವಾದವನಲ್ಲ, ಊರಿನ ಕೆಲಸಕ್ಕೆ ಅಂಥವನೇ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಂಕೋಲಾ ಕಡೆಯವ:
ತುಂಬಾ ಥ್ಯಾಂಕ್ಸ್ ಅಣ್ಣ, ಈಗ ತಲೆಗೆ ಹೋಯ್ತು. ಆದ್ರೆ ಈ ಅರ್ಧ, ಮೂರನೇ ಒಂದು ಭಾಗ ಅಂದ್ರೆ ನಮ್ಮಲ್ಲಿ ಎಣಿಸೋರು ತಪ್ಪಿಸಿಬಿಡ್ತಾರೆ. ಆಮೇಲೆ ಮತ್ತೆ ಅದಕ್ಕೇ ಜಗಳ.

ಶಿರಸಿ ಅಡಿಕೆ ತೋಟ:
ಮೂವರೇ ನಿಂತರೆ ಎಲ್ಲವನ್ನೂ ಆರರಿಂದ ಗುಣಿಸಿ ತಮ್ಮಾ. 1ಕ್ಕೆ 6 ಅಂಕ, 2ಕ್ಕೆ 3, 3ಕ್ಕೆ 2. ಮೇಲಿನ ಲೆಕ್ಕದಲ್ಲಿ ಅನಿಗೆ 36, ಆನಿಗೆ 39, ಇನಿಗೆ 35 ಬರುತ್ತೆ. ಎಲ್ಲರೆದುರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಕೂಡಿಸಿ.

ಅಂಕೋಲಾ ಕಡೆಯವ:
ಭಾನುವಾರ ಮೀಟಿಂಗ್ ಇದೆ. ಹೋದ ಸಲ ಗೆದ್ದವನಿಗೆ ಮೊದಲು ತೋರಿಸುತ್ತೇನೆ, ಅವನೂ ಒಪ್ಪಬೇಕಲ್ವಾ.