ರಕ್ಷಣಾ ಸಂಶೋಧನೆಯ ಹಣ ತುಮಕೂರಿನವರೆಗೂ ಬರುತ್ತದೆಯೇ?

ಗುಬ್ಬಿಯವಳು: ಹೆಲಿಕಾಪ್ಟರ್ ರೆಕ್ಕೆಗೆ ಬಳಸುವ ಕಾರ್ಬನ್ ನಾರಿನ ವಸ್ತು ಎಷ್ಟು ಕಂಪನ ತಡೆದೀತು ಎಂಬುದು ನನ್ನ ಪಿಎಚ್‌.ಡಿ. ವಿಷಯ. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ನಮ್ಮದೇ ತಾಲ್ಲೂಕಿನಲ್ಲಿದೆ. 2023ರ ಫೆಬ್ರುವರಿಯಲ್ಲಿ ಅದು ಉದ್ಘಾಟನೆಯಾದಾಗ ಅಪ್ಪ, "ಇನ್ನು ನಿನಗೇನು ಚಿಂತೆ?" ಎಂದಿದ್ದರು. ಚಿಂತೆ ಏನೆಂದರೆ, ಒಂದು ಮಾದರಿ ಪರೀಕ್ಷಿಸಲು ಈಗಲೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ. ನಮ್ಮಂಥವರಿಗೆ ಅನುದಾನ ಉಂಟೇ? ವಿದೇಶಿ ವಿಶ್ವವಿದ್ಯಾಲಯವೊಂದು ಜೊತೆಗೂಡಲು ಕರೆದಿದೆ, ಒಪ್ಪಬಹುದೇ?

ನಿವೃತ್ತ ಮೇಷ್ಟ್ರು, ಸಿರಾ: ಉಂಟಮ್ಮ. ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ವಿಶ್ವವಿದ್ಯಾಲಯಗಳಿಗೆ ನೇರವಾಗಿ ಯೋಜನಾ ಅನುದಾನ ಕೊಡುತ್ತದೆ. ಅರ್ಜಿ ನಿಮ್ಮ ಮಾರ್ಗದರ್ಶಕರ ಹೆಸರಿನಲ್ಲಿರಲಿ. ಸಂಶೋಧನೆಗೆ ಹಣ ಕೊಡಲೆಂದು 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ಪ್ರತಿಷ್ಠಾನವನ್ನೂ ನೋಡಿ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಕೇಳಿ ಹಿಗ್ಗಬೇಡಿ, ಅದರಲ್ಲಿ ದೊಡ್ಡ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬ ಲೆಕ್ಕವದು.

ಕೆಜಿಎಫ್ ಎಂಜಿನಿಯರ್: ವಿದೇಶದವರಿಗೆ ದತ್ತಾಂಶ ಕಳುಹಿಸುವ ಮುನ್ನ ಸ್ಕೋಮೆಟ್ ಪಟ್ಟಿ ಓದಿ, ಅನುಮತಿಯಿಲ್ಲದೆ ರಫ್ತು ಮಾಡಬಾರದ ವಸ್ತು, ತಂತ್ರಜ್ಞಾನಗಳ ಸರ್ಕಾರಿ ಪಟ್ಟಿ ಅದು. ಯಂತ್ರವಷ್ಟೇ ಅಲ್ಲ, ಇಮೇಲ್‌ನಲ್ಲಿ ಹೋಗುವ ತಂತ್ರಜ್ಞಾನವೂ ರಫ್ತು. ಕೆಲವು ಬಗೆಯ ಕಾರ್ಬನ್ ನಾರು ಅದರಲ್ಲಿದೆ.

ಗುಬ್ಬಿಯವಳು: ಅಯ್ಯೋ, ಮೊನ್ನೆಯೇ ಕಳುಹಿಸುವವಳಿದ್ದೆ! ಕರೆಂಟ್ ಹೋಗಿದ್ದು ಒಳ್ಳೆಯದಾಯಿತು.