ಟಿಂಡೂಫ್ ಶಿಬಿರದ ಮಕ್ಕಳಿಗೆ ರಾಗಿ ಹಿಟ್ಟು, ಹಾಲಿನ ಪುಡಿ ಕಳಿಸಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಲ್ಜೀರಿಯಾದ ಟಿಂಡೂಫ್ ಹತ್ತಿರ ಇರುವ ಸಹ್ರಾವಿ ನಿರಾಶ್ರಿತರ ಬಗ್ಗೆ ಓದಿದೆ. ರೇಷನ್ ಹೋಗುತ್ತಿದೆಯಂತೆ, ಆದರೂ ಮಕ್ಕಳು ಸೊರಗುತ್ತಿದ್ದಾರೆ. ಯಾಕೆ ಹೀಗೆ? ನಮ್ಮ ಮಹಿಳಾ ಸಂಘದಿಂದ ರಾಗಿ ಹಿಟ್ಟು, ಹಾಲಿನ ಪುಡಿ ಕಳಿಸೋಣ ಅಂತಿದ್ದೇವೆ.

ಉತ್ತರ: ನಮಸ್ಕಾರ ಅಮ್ಮ. ನಿಮ್ಮ ಮನಸ್ಸು ದೊಡ್ಡದು. ಆದರೆ ಹಾಲಿನ ಪುಡಿ ಮಾತ್ರ ದಯವಿಟ್ಟು ಬೇಡ. ಕಾರಣ ಆಮೇಲೆ ಹೇಳುತ್ತೇನೆ.

1975ರಲ್ಲಿ ಪಕ್ಕದ ಪಶ್ಚಿಮ ಸಹಾರಾದಲ್ಲಿ ಯುದ್ಧ ಶುರುವಾದಾಗ ಓಡಿ ಬಂದವರು ಇವರು. ಇವತ್ತು ಅಲ್ಲಿ ಮೊಮ್ಮಕ್ಕಳೂ ಶಿಬಿರದಲ್ಲೇ ಹುಟ್ಟುತ್ತಿದ್ದಾರೆ. ಸ್ಮಾರಾ, ದಾಖ್ಲಾ, ಲಾಯೂನ್ ಅಂತ ಬಿಟ್ಟು ಬಂದ ಊರುಗಳ ಹೆಸರನ್ನೇ ಶಿಬಿರಗಳಿಗೆ ಇಟ್ಟುಕೊಂಡಿದ್ದಾರೆ. ಸುತ್ತ ಬರೀ ಕಲ್ಲುಗಾಡು. ಬೇಸಿಗೆಯಲ್ಲಿ ಬಿಸಿಲು 50 ಡಿಗ್ರಿ ಹತ್ತಿರ ಹೋಗುತ್ತದೆ. ಸೊಪ್ಪು ತರಕಾರಿ ಬೆಳೆಯುವುದು ಬಹಳ ಕಷ್ಟ, ಎಷ್ಟೋ ಮನೆಗಳಿಗೆ ನೀರು ಬರುವುದೇ ಟ್ಯಾಂಕರಿನಲ್ಲಿ.

ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ 1986ರಿಂದ ರೇಷನ್ ಕೊಡುತ್ತಿದೆ. ಗೋಧಿ ಹಿಟ್ಟು, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. 2022ರ ಸಮೀಕ್ಷೆಯಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ ಕಂಡಿತ್ತು. ಅವರ ಮನೆಗಳಲ್ಲಿ ಕಡು ಚಹಾ ಕುಡಿಯುವ ರೂಢಿಯೂ ಇದೆ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ನಮ್ಮ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ, ಅಲ್ವಾ?

ಈಗ ಹಾಲಿನ ಪುಡಿ. ಅದನ್ನು ಕಲಸಲು ಶುದ್ಧ ನೀರು ಬೇಕು, ಬಾಟಲಿ ಕುದಿಸಲು ಉರುವಲು ಬೇಕು. ಎರಡೂ ಇಲ್ಲದ ಕಡೆ ಕೂಸಿಗೆ ಭೇದಿ ಹಿಡಿಯುತ್ತದೆ. ಪುಡಿ ಪುಕ್ಕಟೆ ಸಿಕ್ಕಿತೆಂದು ತಾಯಿ ಎದೆಹಾಲು ಕಡಿಮೆ ಮಾಡಿದರೆ ಇನ್ನೂ ಅಪಾಯ.

ರಾಗಿ ಒಳ್ಳೆಯದೇ. ಆದರೆ ಅಷ್ಟು ದೂರ ಸಾಗಿಸುವ ಖರ್ಚು ಹಿಟ್ಟಿನ ಬೆಲೆಗಿಂತ ಜಾಸ್ತಿಯಾಗುತ್ತದೆ. ಗೊತ್ತಿಲ್ಲದ ಹಿಟ್ಟನ್ನು ಆ ತಾಯಂದಿರು ಹೇಗೆ ಬೇಯಿಸಬೇಕು, ಹೇಳಿ? ಹಣವೇ ಕೊಡಿ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್, ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ದೇಣಿಗೆ ತೆಗೆದುಕೊಳ್ಳುತ್ತವೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಅಂಗನವಾಡಿ ಕಾರ್ಯಕರ್ತೆ. ತೀರಾ ಬಡಕಲಾದ ಮಗುವಿಗೆ ಅಲ್ಲಿ ಏನು ಕೊಡುತ್ತಾರೆ?

ಉತ್ತರ: ನಿಮ್ಮ ಕೈಯಲ್ಲಿರುವ ತೋಳಿನ ಪಟ್ಟಿಯನ್ನೇ ಅಲ್ಲೂ ಸುತ್ತುತ್ತಾರೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿದ್ದರೆ ಪಟ್ಟಿ ಏನೇ ಹೇಳಲಿ, ಅದು ತೀವ್ರ ಅಪೌಷ್ಟಿಕತೆಯೇ.

ಹಸಿವಿದ್ದು, ಜ್ವರ ಭೇದಿ ಇಲ್ಲದ ಮಗುವಿಗೆ ಮನೆಯಲ್ಲೇ ಶೇಂಗಾ ಪೇಸ್ಟ್ ತಿನ್ನಿಸುತ್ತಾರೆ. 1996ರಲ್ಲಿ ಫ್ರಾನ್ಸಿನ ವೈದ್ಯ ಆಂದ್ರೆ ಬ್ರಿಯಾಂಡ್ ಮತ್ತು ಜೊತೆಗಾರರು ಇದನ್ನು ರೂಪಿಸಿದರು. ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೊತೆಗೆ ಜೀವಸತ್ವ ಮತ್ತು ಖನಿಜ. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಒಲೆ ಹಚ್ಚಬೇಕಿಲ್ಲ. ನೀರಿನಂಶ ತೀರಾ ಕಡಿಮೆ ಇರುವುದರಿಂದ ಸುಲಭವಾಗಿ ಕೆಡುವುದಿಲ್ಲ. ಮರುಭೂಮಿಗೆ ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಕಾಣುವುದಿಲ್ಲ. ಆದರೆ ಹಸಿವೇ ಸತ್ತ ಮಗುವನ್ನು ತಡಮಾಡದೆ ಆಸ್ಪತ್ರೆಗೆ ದಾಖಲು ಮಾಡಬೇಕು.

ಪ್ರಶ್ನೆ: ಹಾಗಾದರೆ ಶೇಂಗಾ ಉಂಡೆ ಕೊಟ್ಟರೆ ಸಾಕಲ್ಲ?

ಉತ್ತರ: ಆರೋಗ್ಯವಾಗಿರುವ ಮಗುವಿಗೆ ಖಂಡಿತ ಕೊಡಿ, ಗಂಟಲಿಗೆ ಸಿಕ್ಕದಂತೆ ನುಣ್ಣಗೆ ಕುಟ್ಟಿ ಮಾಡಿ. ಕೆಂಪು ಪಟ್ಟಿಯ ಮಗುವಿಗೆ ಅದು ಚಿಕಿತ್ಸೆಯಲ್ಲ. ಸತು, ಪೊಟ್ಯಾಸಿಯಂ ಎಲ್ಲ ಅಳತೆ ಪ್ರಕಾರ ಹೋಗಬೇಕು. ಅಂಥ ಮಗು ನಿಮ್ಮ ಕೇಂದ್ರದಲ್ಲಿ ಇದ್ದರೆ ಉಂಡೆ ಕೊಟ್ಟು ಕಾಯಬೇಡಿ. ನಾಳೆ ಬೆಳಿಗ್ಗೆಯೇ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ತಾಯಿ ಹಿಂಜರಿದರೆ ನೀವೇ ಜೊತೆಗೆ ಹೋಗಿ.