ಬರ್ಕ್ಲಿನಾ, ಬ್ರೌನಾ? ಏಪ್ರಿಲ್ 15ರೊಳಗೆ ಹೇಳಬೇಕು

ತುಂಗಾತೀರ:
ರಾಜ್ಯಶಾಸ್ತ್ರದ ಪಿಎಚ್‌ಡಿಗೆ ಅಮೆರಿಕದ ಬರ್ಕ್ಲಿ, ಬ್ರೌನ್ ಎರಡೂ ವಿವಿಗಳಲ್ಲಿ ಸೀಟು ಸಿಕ್ಕಿದೆ. ನನ್ನ ವಿಷಯ ಕರ್ನಾಟಕದ ಪಂಚಾಯಿತಿಗಳು. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಗೂ ಮೊದಲೇ, 1987ರಲ್ಲಿ, ಇಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಿತ್ತಲ್ಲ, ಅಲ್ಲಿಂದ ಶುರು ಮಾಡಬೇಕು ಅಂತಿದ್ದೇನೆ. ಮನೆಯಲ್ಲಿ ಎಲ್ಲರೂ ರ‍್ಯಾಂಕ್ ನೋಡು ಅನ್ನುತ್ತಾರೆ. ಯಾವುದು ಹಿಡಿಯಲಿ?

ಕೆಂಪುಮಣ್ಣು:
ರ‍್ಯಾಂಕ್ ಪಟ್ಟಿ ಪಕ್ಕಕ್ಕಿಡಿ. ಬರ್ಕ್ಲಿಯಲ್ಲಿ ಭಾರತದ ಪಕ್ಷಗಳ ಬಗ್ಗೆ ಬರೆದಿರುವ ಪ್ರದೀಪ್ ಛಿಬ್ಬರ್ ಹೆಸರು ದೊಡ್ಡದು. ಬ್ರೌನ್‌ನಲ್ಲಿ ರಾಜ್ಯಶಾಸ್ತ್ರದ ಅಶುತೋಷ್ ವಾರ್ಷ್ಣೇಯ ಇದ್ದಾರೆ, ಜೊತೆಗೆ ಸಮಾಜಶಾಸ್ತ್ರದ ಪ್ಯಾಟ್ರಿಕ್ ಹೆಲ್ಲರ್ ಕೇರಳದ ಪಂಚಾಯಿತಿಗಳನ್ನೇ ಅಧ್ಯಯನ ಮಾಡಿದವರು. ನಿಮ್ಮ ವಿಷಯಕ್ಕೆ ನನ್ನ ವೋಟು ಬ್ರೌನ್‌ಗೆ. ಆದರೆ ಹೆಸರು ನೋಡಿ ಹೋಗಬೇಡಿ, ಈಗ ಹೊಸ ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರಾ ಅಂತ ನೇರವಾಗಿ ಮೇಲ್ ಹಾಕಿ ಕೇಳಿ. ಒಬ್ಬರನ್ನೇ ನಂಬಿಕೊಂಡರೂ ಕಷ್ಟ, ಅವರು ಬೇರೆ ಕಡೆ ಹೋಗಿಬಿಟ್ಟರೆ?

ಸಾಗರದಾಚೆ:
ಸ್ಟೈಪೆಂಡ್ ಎಷ್ಟು ಅನ್ನೋದಕ್ಕಿಂತ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ ನೋಡಿ ಗುರು. ಬರ್ಕ್ಲಿ ಇರುವ ಬೇ ಏರಿಯಾದಲ್ಲಿ ಬಾಡಿಗೆ ವಿಪರೀತ, 2022ರಲ್ಲಿ ಬರ್ಕ್ಲಿಯೂ ಸೇರಿದ ಕ್ಯಾಲಿಫೋರ್ನಿಯಾ ವಿವಿಯ ವಿದ್ಯಾರ್ಥಿ ನೌಕರರು ಸುಮ್ನೆ ಮುಷ್ಕರ ಮಾಡಲಿಲ್ಲ. ಬೇಸಿಗೆ ರಜೆಯಲ್ಲೂ ದುಡ್ಡು ಬರುತ್ತಾ? ಫೀಲ್ಡ್‌ವರ್ಕ್‌ಗೆ ಒಂದು ವರ್ಷ ಊರಿಗೆ ಬಂದರೆ ಸ್ಟೈಪೆಂಡ್ ನಿಲ್ಲುತ್ತಾ? ಆಫರ್ ಪತ್ರದಲ್ಲಿ ಬರೆದಿದ್ದರೆ ಮಾತ್ರ ನಂಬಿ.

ತುಂಗಾತೀರ:
ಬೇಸಿಗೆ ಬಗ್ಗೆ ಒಂದು ಪತ್ರದಲ್ಲಿ ಸಾಲೇ ಇಲ್ಲ! ಇವತ್ತೇ ಕೇಳುತ್ತೇನೆ.

ಕೆಂಪುಮಣ್ಣು:
ಹಾಗೇ ಐದನೇ ವರ್ಷದವರಿಗೆ ಫೋನ್ ಮಾಡಿ. ಮೊದಲ ವರ್ಷದವರು ಎಲ್ಲಾ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.